ಅಂತರಲೋಕದ ಆಟದಲ್ಲಿ ಸೋತವರಿಗೆ ಬದುಕುವ ಆಸೆ ಇರಲಿಲ್ಲವೇ?

ಕೇಳಿದವರು: ಡೊಂಬಿವಲಿ ಪೂರ್ವ

ಎಲ್ಲರಿಗೂ ನಮಸ್ಕಾರ. ನಾನು ಈ ಬಳಗದಲ್ಲಿ ಬಹುಕಾಲದಿಂದ ಓದುಗಳಾಗಿ ಮಾತ್ರ ಇದ್ದವಳು, ಬರೆಯುತ್ತಿರುವುದು ಇದೇ ಮೊದಲು. 'ಆಲಿಸ್ ಇನ್ ಬಾರ್ಡರ್‌ಲ್ಯಾಂಡ್' ಎಂಬ ಜಪಾನಿ ಧಾರಾವಾಹಿಯ ಮೊದಲ ಎರಡು ಭಾಗಗಳ ಬಗ್ಗೆ ಒಂದು ಪ್ರಶ್ನೆಯಿದೆ. ಕಥೆಯ ಕೊನೆಯನ್ನು ಹೇಳದೆ ಅದನ್ನು ಕೇಳಲು ಬರುವುದಿಲ್ಲ. ಆದ್ದರಿಂದ ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ನೋಡಿ ಮರೆತವರಿಗಾಗಿ ಚುಟುಕಾಗಿ ಹೇಳುತ್ತೇನೆ. ಟೋಕಿಯೋದ ಶಿಬುಯ ಎಂಬ ಜನನಿಬಿಡ ಪ್ರದೇಶದಲ್ಲಿ ಅರಿಸು ಎಂಬ ಯುವಕನೂ ಅವನ ಇಬ್ಬರು ಗೆಳೆಯರೂ ರೈಲು ನಿಲ್ದಾಣದ ಶೌಚಾಲಯದಲ್ಲಿ ಅಡಗಿ ಹೊರಬರುವಷ್ಟರಲ್ಲಿ ಊರೇ ಖಾಲಿಯಾಗಿರುತ್ತದೆ; ಅದೇ ಅಂತರಲೋಕ. ಅಲ್ಲಿ ಉಳಿದವರು ರಾತ್ರಿ ಆಟಗಳನ್ನಾಡಬೇಕು. ಗೆದ್ದರೆ ಕೆಲವು ದಿನಗಳ ವೀಸಾ ಸಿಗುತ್ತದೆ, ಆ ದಿನಗಳು ಮುಗಿದ ಮೇಲೂ ಆಡದೆ ಕುಳಿತವನನ್ನು ಆಕಾಶದಿಂದ ಬರುವ ಲೇಸರ್ ಕಿರಣ ಕೊಲ್ಲುತ್ತದೆ, ಆಟದಲ್ಲಿ ಸೋತವನು ಆಟದಲ್ಲೇ ಸಾಯುತ್ತಾನೆ. ಪ್ರತಿ ಆಟಕ್ಕೂ ಒಂದು ಇಸ್ಪೀಟೆಲೆಯ ಗುರುತಿದೆ. ಇಸ್ಪೀಟು ಬಂದರೆ ಮೈಬಲದ ಆಟ, ಕಳಾವರ್ ಬಂದರೆ ಕೂಡಿ ಆಡುವ ಆಟ, ಡೈಮನ್ ಬಂದರೆ ಬುದ್ಧಿಯ ಆಟ, ಆಟೀನ್ ಬಂದರೆ ಮನಸ್ಸನ್ನು ಹಿಂಡುವ ಆಟ. ಎಲೆಯ ಮೇಲಿನ ಅಂಕಿ ದೊಡ್ಡದಾದಷ್ಟೂ ಆಟ ಕಠಿಣ.

ಎರಡನೆಯ ಭಾಗದ ಕೊನೆಯಲ್ಲಿ ತಿಳಿಯುವುದು ಇಷ್ಟು: ಶಿಬುಯದ ಮೇಲೆ ಉಲ್ಕೆಯೊಂದು ಬಿದ್ದಿತ್ತು; ಈ ಆಟಗಾರರೆಲ್ಲ ಅಲ್ಲಿ ಗಾಯಗೊಂಡು ಹೃದಯ ನಿಂತವರು; ದಿನಗಟ್ಟಲೆ ಎಂದು ನಾವು ನೋಡುತ್ತಿದ್ದುದೆಲ್ಲ ಹೊರಗೆ ಒಂದು ನಿಮಿಷದಷ್ಟು ಹೊತ್ತಿನಲ್ಲಿ ನಡೆದುಹೋಗಿತ್ತು. ಆಟಗಳನ್ನು ದಾಟಿ, ಆ ಲೋಕದಲ್ಲಿ ಕಾಯಂ ಆಗಿ ನೆಲೆಸಲು ಒಪ್ಪದವರು ಆಸ್ಪತ್ರೆಯಲ್ಲಿ ಕಣ್ಣು ತೆರೆಯುತ್ತಾರೆ. ಆಟದಲ್ಲಿ ಸತ್ತವರು ಇಲ್ಲಿಯೂ ಸತ್ತಿರುತ್ತಾರೆ.

ಇನ್ನು ನನ್ನ ಪ್ರಶ್ನೆ. ಎರಡು ವರ್ಷಗಳ ಹಿಂದೆ ನನ್ನ ತಮ್ಮ ಮನೆಯಲ್ಲೇ ಹೃದಯ ನಿಂತು ಬಿದ್ದ. ಆಸ್ಪತ್ರೆಯಲ್ಲಿ ಹೃದಯವನ್ನು ಮತ್ತೆ ನಡೆಸಿದರು, ಆದರೆ ಎಚ್ಚರ ಬರಲಿಲ್ಲ, ಮೂರನೆಯ ದಿನ ಹೋಗಿಬಿಟ್ಟ. ಅವನು ದಿನವೂ ಬೆಳಗಿನ ಲೋಕಲ್ಲಿನಲ್ಲಿ ಒಂದೇ ಡಬ್ಬಿಯ ಒಂದೇ ಮೂಲೆಯಲ್ಲಿ, ಮೊಣಕಾಲುಗಳ ಮೇಲೆ ಬ್ರೀಫ್‌ಕೇಸ್ ಇಟ್ಟುಕೊಂಡು ರಮ್ಮಿ ಆಡುತ್ತಿದ್ದ ಗುಂಪಿನವನು. ಮನೆಗೆ ಬಂದರೂ ಆಟೀನನ್ನು ಮರಾಠಿಯವರಂತೆ ಬದಾಮ್ ಎಂದೂ ಡೈಮನ್ನನ್ನು ಚೌಕಟ್ ಎಂದೂ ಕರೆದು ನಮ್ಮ ತಾಯಿಯಿಂದ ಬೈಸಿಕೊಳ್ಳುತ್ತಿದ್ದ. ಕಳೆದ ವಾರ ಹದಿನಾಲ್ಕು ವರ್ಷದ ನನ್ನ ಮಗಳು ಈ ಧಾರಾವಾಹಿಯ ಕೊನೆಯ ಕಂತನ್ನು ನೋಡಿ ಮುಗಿಸಿ, ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಮಾಮನಿಗೆ ಬದುಕುವ ಆಸೆ ಇರಲಿಲ್ಲವೇ ಅಮ್ಮಾ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ; ಕಥೆಯ ಮೇಲೆಯೇ ಸಿಟ್ಟು ಬಂತು. ಗೆದ್ದವನು ಮಾತ್ರ ಎಚ್ಚರಗೊಳ್ಳುತ್ತಾನೆ ಎಂದರೆ, ಎಚ್ಚರಗೊಳ್ಳದವನು ಯಾವುದೋ ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಎಂದು ಅರ್ಥವಾಗುವುದಿಲ್ಲವೇ? ಆ ಲೋಕದ ನಿಯಮದಲ್ಲಿ ಏನಾದರೂ ನ್ಯಾಯವಿದೆಯೇ? ಇದ್ದರೆ ಅದನ್ನು ಒಂದು ಮಗುವಿಗೆ ಹೇಗೆ ಹೇಳಬೇಕು? "ಅದು ಬರೀ ಕಥೆ, ಬಿಟ್ಟುಬಿಡಿ" ಎಂಬ ಉತ್ತರ ಬೇಡವೆಂದು ಮೊದಲೇ ಬೇಡಿಕೊಳ್ಳುತ್ತೇನೆ. ಬಿಡಲಾಗದ್ದರಿಂದಲೇ ಕೇಳುತ್ತಿದ್ದೇನೆ.

ಉತ್ತರ: ಹಿಂಜವಡಿ, ಪುಣೆ

ಮೇಡಂ, ನಿಮ್ಮ ತಮ್ಮನವರ ಸುದ್ದಿ ಓದಿ ಬೇಸರವಾಯಿತು. ನಾನು ಮೂಲದ ಮಾಂಗಾವನ್ನೂ, ಅಂದರೆ ಜಪಾನಿ ಕಾಮಿಕ್ಸನ್ನೂ ಓದಿದವನು; 2010ರಿಂದ 2016ರವರೆಗೆ ಬಂದ ಅದು 18 ಸಂಪುಟಗಳಷ್ಟಿದೆ. ಧಾರಾವಾಹಿಗಾಗಿ ಶಿಬುಯದ ಆ ದೊಡ್ಡ ನಾಲ್ಕುದಾರಿಯನ್ನು ತೊಚಿಗಿ ಪ್ರಾಂತದ ಅಶಿಕಾಗ ಎಂಬ ಊರಿನಲ್ಲಿ ಹೊಸದಾಗಿ ಕಟ್ಟಿ ಚಿತ್ರಿಸಿದರೆಂಬುದು ವಿಷಯಕ್ಕೆ ಸಂಬಂಧವಿಲ್ಲದಿದ್ದರೂ ಹೇಳದಿರಲಾರೆ. ಅಷ್ಟು ಜನರನ್ನು ಅಲ್ಲಿಂದ ತೆರವುಗೊಳಿಸುವುದಕ್ಕಿಂತ ಊರನ್ನೇ ಕಟ್ಟುವುದು ಸುಲಭವಾಗಿತ್ತು.

ನಿಮ್ಮ ಮಗಳು ಮಾಡಿದ ಊಹೆ ಸಹಜವೇ, ಆದರೆ ಕಥೆಯೊಳಗೆ ಅದಕ್ಕೆ ಆಧಾರವಿಲ್ಲ. ಆಟೀನ್ ಏಳರ ಆಟವನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಸಸ್ಯೋದ್ಯಾನವೊಂದರಲ್ಲಿ ನಾಲ್ವರು, ಒಬ್ಬ ತೋಳ, ಉಳಿದವರು ಕುರಿಗಳು, ತೋಳದ ಕಣ್ಣಿಗೆ ಕಣ್ಣು ಕೊಟ್ಟವನು ತಾನೇ ತೋಳವಾಗುತ್ತಾನೆ, ಹೊತ್ತು ಮುಗಿದಾಗ ತೋಳವಾಗಿರುವವನು ಉಳಿಯುತ್ತಾನೆ, ಕುರಿಗಳು ಸಾಯುತ್ತವೆ. ಮೊದಲು ಉಳಿಯುವ ಆಸೆಯಿಂದ ಓಡಿ ಅಡಗಿದ ಅರಿಸು, ಕೊನೆಯ ನಿಮಿಷಗಳಲ್ಲಿ ಪಶ್ಚಾತ್ತಾಪಪಟ್ಟು, ತೋಳದ ಪಟ್ಟವನ್ನು ಬಿಟ್ಟುಕೊಡಲು ಗೆಳೆಯರನ್ನು ಕೂಗಿ ಕರೆಯುತ್ತಾ ಅಲೆಯುತ್ತಾನೆ. ಗೆಳೆಯರು ಅವನ ಕಣ್ಣಿಗೆ ಬೀಳದಂತೆ ಅಡಗಿಯೇ ಇದ್ದು ಸಾಯುತ್ತಾರೆ. ಅಂದರೆ ಆ ಗಳಿಗೆಯಲ್ಲಿ ಸಾಯಲು ಸಿದ್ಧನಾಗಿ ಅಲೆದವನು ಬದುಕಿದ. ಆಮೇಲೂ ಅವನು ವೀಸಾ ಮುಗಿಯಲೆಂದು ರಸ್ತೆಯಲ್ಲಿ ಮಲಗಿಬಿಡುತ್ತಾನೆ. ಉಸಾಗಿ ಎಂಬ ಹುಡುಗಿ ಕಂಡು ಎಬ್ಬಿಸದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬದುಕುವ ಛಲವೊಂದೇ ಅಳತೆಗೋಲಾಗಿದ್ದರೆ ಇವನೇ ಎಲ್ಲರಿಗಿಂತ ಮೊದಲು ಹೋಗಬೇಕಾದವನು.

ಇನ್ನೊಂದು ಮಾತು. ಆಟದಲ್ಲಿ ಸೋತದ್ದರಿಂದ ಅವರು ಆಸ್ಪತ್ರೆಯಲ್ಲಿ ಸತ್ತರೋ, ಉಲ್ಕೆಯ ಪೆಟ್ಟಿನಿಂದ ದೇಹ ಉಳಿಯುವಂತಿರಲಿಲ್ಲವಾದ್ದರಿಂದ ಆಟದಲ್ಲಿ ಸೋತರೋ ಎಂಬುದನ್ನು ಕಥೆ ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ. ಎರಡೂ ಒಟ್ಟಿಗೆ ನಡೆದಂತೆ ತೋರಿಸುತ್ತದೆ, ಅಷ್ಟೇ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ನಂಟು ಕಟ್ಟುತ್ತಿರುವವರು ನಾವೇ. ನನಗಂತೂ ಎರಡನೆಯ ಓದೇ ಹೆಚ್ಚು ಒಪ್ಪುತ್ತದೆ.

ಉತ್ತರ: ಕೊಥರೂಡ್, ಪುಣೆ

ಹಿಂಜವಡಿಯವರ ಮೊದಲ ಮಾತನ್ನು ಒಪ್ಪುತ್ತೇನೆ, ಎರಡನೆಯದನ್ನು ಅಷ್ಟಾಗಿ ಒಪ್ಪುವುದಿಲ್ಲ. ದೇಹದ ಪೆಟ್ಟೇ ಎಲ್ಲವನ್ನೂ ನಿರ್ಧರಿಸಿ, ಆಟವೆಲ್ಲ ಸಾಯುತ್ತಿರುವ ಮಿದುಳಿನ ಕನಸೇ ಆಗಿದ್ದರೆ ನೂರಾರು ಜನ ಒಂದೇ ಕನಸನ್ನು, ಅದೂ ಒಂದೇ ನಿಯಮಗಳೊಂದಿಗೆ, ಹೇಗೆ ಕಂಡರೆಂಬುದನ್ನು ಅವರು ಹೇಳಬೇಕಾಗುತ್ತದೆ. ಆದರೆ ಅದು ನನ್ನ ವಿಷಯವಲ್ಲ. ನಾನು ಇಲ್ಲಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು, ಡೈಮನ್ ರಾಜನ ಆಟವನ್ನು ಎರಡು ವರ್ಷಗಳಿಂದ ತರಗತಿಯಲ್ಲಿ (ಆಮ್ಲವಿಲ್ಲದೆ) ಆಡಿಸುತ್ತಿದ್ದೇನೆ. ಪ್ರಶ್ನೆ ಕೇಳಿದ ತಾಯಿಗೆ ಅದರ ಲೆಕ್ಕ ನೆರವಾಗಬಹುದೆಂಬ ಭರವಸೆಯಿಂದ ತುಸು ದೀರ್ಘವಾಗಿಯೇ ಬರೆಯುತ್ತೇನೆ.

ನಿಯಮ ಹೀಗಿದೆ. ಐವರು ಆಟಗಾರರು ಸೊನ್ನೆಯಿಂದ ನೂರರೊಳಗೆ ಒಂದೊಂದು ಸಂಖ್ಯೆಯನ್ನು ಗುಟ್ಟಾಗಿ ಆರಿಸುತ್ತಾರೆ. ಆ ಐದರ ಸರಾಸರಿಯನ್ನು 0.8ರಿಂದ ಗುಣಿಸಿದಾಗ ಬರುವ ಸಂಖ್ಯೆಗೆ ಯಾರದು ಹತ್ತಿರವೋ ಅವರು ಗೆದ್ದಂತೆ. ಉಳಿದವರು ಒಂದೊಂದು ಅಂಕ ಕಳೆದುಕೊಳ್ಳುತ್ತಾರೆ, ಹತ್ತು ಅಂಕ ಕಳೆದುಕೊಂಡವನ ತಲೆಯ ಮೇಲೆ ಆಮ್ಲ ಸುರಿಯುತ್ತದೆ. ಎಲ್ಲರೂ ಕಣ್ಣುಮುಚ್ಚಿ ಆರಿಸಿದರೆ ಸರಾಸರಿ 50ರ ಸುತ್ತ ಇರುತ್ತದೆ, ಆದ್ದರಿಂದ 40 ಹೇಳುವುದು ಜಾಣತನ. ಎಲ್ಲರೂ ಇಷ್ಟು ಜಾಣರಾದರೆ 32 ಹೇಳಬೇಕು. ಎಲ್ಲರೂ ಅದನ್ನೂ ಊಹಿಸಿದರೆ 25.6, ಮುಂದೆ 20.48. ಹೀಗೆ ಇಳಿಯುತ್ತಾ ಹೋದರೆ ತಳದಲ್ಲಿ ಸೊನ್ನೆ ಇದೆ. ಇದರ ಬೀಜ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ಕೊಟ್ಟ ಹೋಲಿಕೆಯಲ್ಲಿದೆ. ಪತ್ರಿಕೆಯೊಂದು ನೂರು ಮುಖಗಳ ಚಿತ್ರ ಅಚ್ಚುಮಾಡಿ ಅತಿ ಚೆಲುವಾದ ಆರನ್ನು ಆರಿಸಲು ಹೇಳಿದರೆ, ಬಹುಮಾನ ಬೇಕಾದವನು ತನಗೆ ಚೆಲುವೆನಿಸಿದ್ದನ್ನು ಬಿಟ್ಟು, ಇತರರು ಯಾವುದನ್ನು ಆರಿಸುತ್ತಾರೆಂದು ಇತರರು ಊಹಿಸುತ್ತಾರೋ ಅದನ್ನು ಆರಿಸಬೇಕಾಗುತ್ತದೆ; ಷೇರು ಪೇಟೆಯೂ ಹೀಗೆಯೇ ನಡೆಯುತ್ತದೆ ಎಂದು ಅವರು ಹೇಳಿದ್ದರು. ದಲಾಲ್ ಸ್ಟ್ರೀಟಿನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1995ರಲ್ಲಿ ರೋಸ್‌ಮೇರಿ ನಾಗೆಲ್ ಅವರು 0.8ರ ಬದಲು ಮೂರರಲ್ಲಿ ಎರಡು ಭಾಗವಿಟ್ಟು ಇದನ್ನು ಜನರಿಂದ ಆಡಿಸಿ, ಸುತ್ತು ಕಳೆದಂತೆ ಸಂಖ್ಯೆಗಳು ಕೆಳಗಿಳಿಯುವುದನ್ನು ತೋರಿಸಿದರು. ನನ್ನ ತರಗತಿಯಲ್ಲೂ ಹಾಗೆಯೇ ಆಗುತ್ತದೆ, ಹಿಂದಿನ ಬೆಂಚಿನ ಒಬ್ಬ ಮಾತ್ರ ಪ್ರತಿ ಸಲವೂ 100 ಎಂದೇ ಬರೆಯುತ್ತಾನೆ.

ಕಥೆಯಲ್ಲಿ ಒಬ್ಬೊಬ್ಬರು ಸತ್ತಾಗಲೂ ಒಂದೊಂದು ಹೊಸ ನಿಯಮ ಸೇರುತ್ತದೆ. ಕೊನೆಗೆ ಇಬ್ಬರೇ ಉಳಿದಾಗ ಬರುವ ನಿಯಮ: ಒಬ್ಬನು ಸೊನ್ನೆ ಆರಿಸಿದರೆ 100 ಆರಿಸಿದವನು ಗೆಲ್ಲುತ್ತಾನೆ. ಇಲ್ಲಿ ತಡೆದು ನೋಡಿ. ಇಬ್ಬರೇ ಇರುವಾಗ ಯಾವಾಗಲೂ ಚಿಕ್ಕ ಸಂಖ್ಯೆಯದೇ ಗೆಲುವು, ಏಕೆಂದರೆ ಗುರಿ ಇಬ್ಬರ ನಟ್ಟನಡುವಿಗಿಂತ ಕೆಳಗೇ ಬೀಳುತ್ತದೆ. ಆದ್ದರಿಂದ ಸೊನ್ನೆ ಒಂದನ್ನು ಸೋಲಿಸುತ್ತದೆ. ಒಂದು ನೂರನ್ನು ಸೋಲಿಸುತ್ತದೆ. ಹೊಸ ನಿಯಮದಿಂದ ನೂರು ಸೊನ್ನೆಯನ್ನು ಸೋಲಿಸುತ್ತದೆ. ಎರಡರಿಂದ ತೊಂಬತ್ತೊಂಬತ್ತರವರೆಗಿನ ಯಾವುದನ್ನು ಆರಿಸಿದರೂ ಒಂದಕ್ಕಿಂತ ಹೆಚ್ಚಿನ ಲಾಭವಿಲ್ಲ. ಇಡೀ ಆಟ ಮಕ್ಕಳ ಕಲ್ಲು, ಕಾಗದ, ಕತ್ತರಿಯಾಗಿ ಕರಗಿಹೋಯಿತು! ಅಲ್ಲಿಯವರೆಗೆ ಬುದ್ಧಿಯನ್ನು ಅಳೆಯುತ್ತಿದ್ದ ಆಟ ಕೊನೆಯ ಮೆಟ್ಟಿಲಿನಲ್ಲಿ ಏನನ್ನೂ ಅಳೆಯುವುದಿಲ್ಲ. ಆಗ ಚಿಶಿಯ ಎಂಬ ಆಟಗಾರ, "ನಾನು ನೂರನ್ನೇ ಆರಿಸುತ್ತೇನೆ" ಎಂದು ಎದುರಾಳಿಗೆ ಬಾಯಿಬಿಟ್ಟು ಹೇಳಿಬಿಡುತ್ತಾನೆ. ಎದುರಾಳಿ ಸೊನ್ನೆಯನ್ನೂ ನೂರನ್ನೂ ಬಿಟ್ಟು ಬೇರೆ ಯಾವ ಸಂಖ್ಯೆ ಒತ್ತಿದ್ದರೂ ಗೆಲ್ಲುತ್ತಿದ್ದ. ಅವನು ಸೊನ್ನೆಯನ್ನು ಒತ್ತುತ್ತಾನೆ. ಎಲ್ಲ ಜೀವಕ್ಕೂ ಒಂದೇ ಬೆಲೆಯೋ ಅಲ್ಲವೋ ಎಂದು ಬದುಕಿಡೀ ತೊಳಲಾಡಿದ ವಕೀಲ ಅವನು. ಒಬ್ಬ ಮನುಷ್ಯನ ಜೀವಕ್ಕೆ ಬೆಲೆ ಕಟ್ಟುವ ಕೆಲಸ ತನಗೆ ಬೇಡವೆಂದು ಸಾವನ್ನು ಆರಿಸಿಕೊಂಡ.

ತಾಯೀ, ಇದರಲ್ಲಿ ಸೋತವನಿಗೆ ಬುದ್ಧಿ ಕಡಿಮೆ ಇತ್ತೇ? ಬದುಕುವ ಆಸೆ ಕಡಿಮೆ ಇತ್ತೆಂದಾದರೂ ಹೇಳಬಹುದೇ? ಗೆದ್ದವನ ಗೆಲುವು ಅವನದಾಗಿರಲಿಲ್ಲ, ಅದನ್ನು ಇನ್ನೊಬ್ಬನು ಕೊಟ್ಟದ್ದು. ಫಲಿತಾಂಶವನ್ನು ನೋಡಿ ಆಟಗಾರನ ಗುಣವನ್ನು ಹಿಮ್ಮುಖವಾಗಿ ಊಹಿಸಬಾರದೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠ. ಈ ಕಥೆ ಅದನ್ನು ನನಗಿಂತ ಚೆನ್ನಾಗಿ ಕಲಿಸುತ್ತದೆ.

ಉತ್ತರ: ಮುಲುಂಡ್

ಅಕ್ಕಾ, ನಾನು ಹದಿನೆಂಟು ವರ್ಷಗಳಿಂದ ತೀವ್ರ ನಿಗಾ ಘಟಕದಲ್ಲಿ ದಾದಿಯಾಗಿದ್ದೇನೆ. ಲೆಕ್ಕದ ಮಾತು ನನಗೆ ಅರ್ಧದಷ್ಟೇ ತಿಳಿಯಿತು, ಆದರೆ ನಿಮ್ಮ ಮಗಳ ಪ್ರಶ್ನೆಯನ್ನು ನಾನು ವರಾಂಡದಲ್ಲಿ ಎಷ್ಟೋ ಸಲ ಕೇಳಿದ್ದೇನೆ. "ಹೋರಾಡುತ್ತಿದ್ದಾರೆ", "ಕೈಚೆಲ್ಲಿದರು" ಎಂಬ ಮಾತುಗಳನ್ನು ನಾವೇ ಅಭ್ಯಾಸಬಲದಿಂದ ಆಡುತ್ತೇವೆ, ಆಡಬಾರದು. ಹೃದಯ ನಿಂತ ಮೇಲೆ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ಆಮೇಲೆ ಏನಾಗುತ್ತದೆಂಬುದನ್ನು ನಿರ್ಧರಿಸುವುದು ಹೃದಯ ಏಕೆ ನಿಂತಿತು, ಎಷ್ಟು ಬೇಗ ಯಾರಾದರೂ ಎದೆಯನ್ನು ಒತ್ತಲು ತೊಡಗಿದರು, ವಿದ್ಯುತ್ ಆಘಾತ ಎಷ್ಟನೆಯ ನಿಮಿಷದಲ್ಲಿ ಸಿಕ್ಕಿತು ಎಂಬ ಸಂಗತಿಗಳು. ಆಘಾತದಿಂದ ಸರಿಹೋಗಬಲ್ಲ ಲಯದೋಷವಿದ್ದಾಗ, ಎದೆಯನ್ನು ಯಾರೂ ಒತ್ತದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಕುಸಿಯುತ್ತಾ ಹೋಗುತ್ತದೆ. ಆಸೆ, ಛಲ, ಪುಣ್ಯ ಎಂಬ ಕಲಮುಗಳು ನಮ್ಮ ಕೇಸ್ ಪೇಪರಿನಲ್ಲಿಲ್ಲ.

ಆ ಹೊತ್ತಿನಲ್ಲಿ ಮನಸ್ಸಿಗೆ ಏನಾದರೂ ಕಾಣುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದರ ಅಧ್ಯಯನಗಳು ನಡೆದಿವೆ. ನೆದರ್ಲೆಂಡ್ಸಿನಲ್ಲಿ ಹೃದಯ ನಿಂತು ಮರಳಿದ 344 ರೋಗಿಗಳನ್ನು ಮಾತನಾಡಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 62 ಮಂದಿ ಏನೋ ಕಂಡೆವೆಂದರು. ಹೃದಯ ಹೆಚ್ಚು ಹೊತ್ತು ನಿಂತಿದ್ದವರಿಗೆ ಹೆಚ್ಚು ಕಂಡಿತ್ತೆಂದೇನೂ ಇರಲಿಲ್ಲ. 2014ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಹೃದಯ ನಿಂತ ಪ್ರಸಂಗಗಳು 2060. ಬದುಕುಳಿದು ಮಾತನಾಡಲು ಸಿಕ್ಕವರು 140 ಮಂದಿ. ಈ ಎರಡು ಸಂಖ್ಯೆಗಳ ನಡುವಿನ ಕಂದಕವನ್ನು ಕೊಥರೂಡಿನ ಸರ್ ನನಗಿಂತ ಚೆನ್ನಾಗಿ ವಿವರಿಸಬಲ್ಲರು. ನಾವು ಕೇಳುವ ವೃತ್ತಾಂತಗಳೆಲ್ಲ ಮರಳಿ ಬಂದವರು ಹೇಳಿದವು. ಆಟದ ಲೋಕದ ವರದಿಯೂ ಹಾಗೆಯೇ, ಗೆದ್ದವನ ಬೆನ್ನ ಹಿಂದೆ ನಿಂತು ಬರೆದದ್ದು. ಹೋದವರು ಅಲ್ಲಿ ಎಷ್ಟು ಗಟ್ಟಿಯಾಗಿ ಆಡಿದ್ದರೆಂದು ಯಾರು ಕಂಡಿದ್ದಾರೆ?

ಉತ್ತರ: ವಾಸ್ಕೋ, ಗೋವಾ

ನನ್ನ ಮಾತು ಚಿಕ್ಕದು. ಈ ಲೋಕವನ್ನು ಎಲ್ಲರೂ ಲಿಂಬೋ ಎನ್ನುತ್ತಾರಲ್ಲ, ಆ ಪದವನ್ನು ನಾನು ಮೊದಲು ಕೇಳಿದ್ದು ನಮ್ಮ ಪಕ್ಕದ ಮನೆಯ ಕ್ಯಾಥಲಿಕ್ ಅಜ್ಜಿಯ ಬಾಯಲ್ಲಿ, ಕೊಂಕಣಿಯ ನಡುವೆ. ಲ್ಯಾಟಿನ್ನಿನಲ್ಲಿ 'ಲಿಂಬಸ್' ಎಂದರೆ ಅಂಚು, ಸೆರಗಿನ ಕೊನೆ. ಜ್ಞಾನಸ್ನಾನವಾಗುವ ಮೊದಲೇ ತೀರಿಕೊಂಡ ಕೂಸುಗಳು ಸ್ವರ್ಗಕ್ಕೂ ಸಲ್ಲದೆ ನರಕಕ್ಕೂ ಸಲ್ಲದೆ ಆ ಅಂಚಿನಲ್ಲಿ ಇರುತ್ತವೆಂದು ಮಧ್ಯಯುಗದ ಪಂಡಿತರು ಊಹಿಸಿದ್ದರು. ಅಜ್ಜಿಯ ಮೊದಲ ಮಗು ಹಾಗೆಯೇ ಹೋಗಿತ್ತಂತೆ. ಯಾವ ತಪ್ಪನ್ನೂ ಮಾಡಲು ಬಿಡುವೇ ಸಿಗದ ಕೂಸನ್ನು ಹೊರಗೆ ನಿಲ್ಲಿಸುವ ಆ ಊಹೆ ಅವರನ್ನು ಐವತ್ತು ವರ್ಷ ಕಾಡಿತು. 2007ರಲ್ಲಿ ವ್ಯಾಟಿಕನ್ನಿನ ಧರ್ಮಶಾಸ್ತ್ರ ಆಯೋಗವು, ಲಿಂಬೋ ಎಂಬುದು ಮೋಕ್ಷವನ್ನು ತೀರ ಬಿಗಿಯಾಗಿ ಕಂಡ ನೋಟವೆಂದೂ ಅಂಥ ಕೂಸುಗಳಿಗೆ ಸದ್ಗತಿಯಾಗುತ್ತದೆಂದು ಆಶಿಸಲು ಗಟ್ಟಿಯಾದ ಕಾರಣಗಳಿವೆಯೆಂದೂ ಬರೆಯಿತು. ಪಾದ್ರಿಯವರು ಅದನ್ನು ಓದಿ ಹೇಳಿದ ದಿನ ಅಜ್ಜಿ ನಮಗೆಲ್ಲ ದೊದೊಲ್ ಎಂಬ ಸಿಹಿ ಹಂಚಿದ್ದು ನೆನಪಿದೆ.

ನಮ್ಮಲ್ಲಿಯೂ ಅಂಚಿನ ದಿನಗಳಿವೆ. ಹತ್ತು ದಿನ ಪಿಂಡವಿಟ್ಟು ಹನ್ನೆರಡನೆಯ ದಿನ ಸಪಿಂಡೀಕರಣ ಮಾಡುವವರೆಗೆ ಹೋದವರು ಪ್ರೇತರೂಪದಲ್ಲಿರುತ್ತಾರೆ, ಆಮೇಲೆ ಪಿತೃಗಳ ಸಾಲಿಗೆ ಸೇರುತ್ತಾರೆ ಎನ್ನುತ್ತೇವೆ. ಗಮನಿಸಿ, ಆ ದಿನಗಳಲ್ಲಿ ಹೋದವರು ಯಾವ ಆಟವನ್ನೂ ಗೆಲ್ಲಬೇಕಾಗಿಲ್ಲ. ದಾಟಿಸುವ ಕೆಲಸವೆಲ್ಲ ಉಳಿದವರದು. (ಇಸ್ಪೀಟಿನ ವಿಷಯಕ್ಕೆ ಬಂದರೆ, ಮಾಂಡೋವಿಯ ಮೇಲೆ ತೇಲುವ ಕ್ಯಾಸಿನೋ ಹಡಗುಗಳಲ್ಲಿ ಸೋತು ಬೆಳಗಿನ ಜಾವ ಪಣಜಿಯ ದಂಡೆಗೆ ಇಳಿಯುವವರ ಮುಖವನ್ನು ನೋಡಿದರೆ ಅಂತರಲೋಕಕ್ಕಾಗಿ ಜಪಾನಿನವರೆಗೆ ಹೋಗಬೇಕಾಗಿಲ್ಲ.)

ಉತ್ತರ: ಮಾಟುಂಗಾ

ಮಗಳೇ, ನಾನು ಮುಂಬಯಿಯ ಕನ್ನಡ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿ ನಿವೃತ್ತನಾದವನು. ಈ ಧಾರಾವಾಹಿಯನ್ನು ಮೊಮ್ಮಗನ ಒತ್ತಾಯಕ್ಕೆ ನೋಡಿದೆ. ರಕ್ತ ಕಂಡಾಗಲೆಲ್ಲ ಎದ್ದುಹೋಗಿ ಚಹಾ ಮಾಡಿಕೊಂಡು ಬರುತ್ತಿದ್ದೆನಾದ್ದರಿಂದ ಅರ್ಧದಷ್ಟೇ ನೋಡಿದೆನೆನ್ನಬೇಕು. ಆದರೂ ಮೊದಲ ಕಂತಿನಲ್ಲಿಯೇ, ಇದು ನಮಗೆ ಗೊತ್ತಿರುವ ಆಟವಲ್ಲವೇ ಎನಿಸಿತು.

ಅರಣ್ಯಪರ್ವದ ಕೊನೆಯನ್ನು ನೆನೆದುಕೊಳ್ಳಿ. ಬ್ರಾಹ್ಮಣನೊಬ್ಬನ ಅರಣಿಯನ್ನು ಕೊಂಬಿಗೆ ಸಿಕ್ಕಿಸಿಕೊಂಡು ಓಡಿದ ಜಿಂಕೆಯ ಬೆನ್ನಟ್ಟಿ ಪಾಂಡವರು ಬಾಯಾರಿ ಕುಳಿತಿದ್ದಾರೆ. ಕೊಳವೊಂದಿದೆ. ಕೊಳಕ್ಕೆ ಒಡೆಯನಿದ್ದಾನೆ, ಕಣ್ಣಿಗೆ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ನಿಯಮವನ್ನು ಮೊದಲೇ ಸಾರುತ್ತದೆ: ಪ್ರಶ್ನೆಗೆ ಉತ್ತರ ಹೇಳಿ ನೀರು ಕುಡಿ, ಹೇಳದೆ ಕುಡಿದರೆ ಸಾಯುವೆ. ನಕುಲ ಬಿದ್ದ, ಸಹದೇವ ಬಿದ್ದ, ಅರ್ಜುನ ಬಿದ್ದ, ಭೀಮ ಬಿದ್ದ. ಇವರಲ್ಲಿ ಯಾರಿಗೆ ಬಲ ಕಡಿಮೆಯಿತ್ತು? ಭೀಮನಿಗೆ ಬದುಕುವ ಆಸೆ ಇರಲಿಲ್ಲವೆಂದು ಯಾರಾದರೂ ಹೇಳಿಯಾರೇ? ಅವನಷ್ಟು ಬಾಯಾರಿದವನು, ಬಾಯಿಯುಳ್ಳವನು, ಇಡೀ ಭಾರತದಲ್ಲಿಲ್ಲ. ಬಾಯಾರಿಕೆಯ ಮುಂದೆ ಅವರಿಗೆ ನಿಯಮ ಕೇಳಿಸಲಿಲ್ಲ.

ಆಮೇಲೆ ಧರ್ಮರಾಯ ಬಂದು ಯಕ್ಷನ ಪ್ರಶ್ನೆಗಳಿಗೆಲ್ಲ ಉತ್ತರ ಹೇಳುತ್ತಾನೆ. ಅವು ನಿಮ್ಮ ಡೈಮನ್ ಎಲೆಗಳು. ಕೊನೆಯಲ್ಲಿ ಯಕ್ಷ ಆಟೀನ್ ಎಲೆಯನ್ನು ಇಡುತ್ತಾನೆ: ಒಬ್ಬ ತಮ್ಮನನ್ನು ಮಾತ್ರ ಬದುಕಿಸುತ್ತೇನೆ, ಯಾರನ್ನು? ಮುಂದೆ ಯುದ್ಧವಿದೆ, ಭೀಮನೋ ಅರ್ಜುನನೋ ಬೇಕು. ಧರ್ಮರಾಯ ನಕುಲನನ್ನು ಕೇಳುತ್ತಾನೆ. ಕುಂತಿಯ ಮಗನಾಗಿ ನಾನಿದ್ದೇನೆ, ಮಾದ್ರಿಗೂ ಒಬ್ಬ ಮಗ ಉಳಿಯಲಿ ಎಂದು. ಅದನ್ನು ಕೇಳಿ ಯಕ್ಷ ನಾಲ್ವರನ್ನೂ ಎಬ್ಬಿಸುತ್ತಾನೆ, ತಾನು ಯಮಧರ್ಮನೆಂದು ತೋರಿಸಿಕೊಳ್ಳುತ್ತಾನೆ. ಆ ನಾಲ್ವರು ಎದ್ದದ್ದು ತಮ್ಮ ಬಲದಿಂದಲೇ? ಅವರು ಕೊಳದ ದಂಡೆಯಲ್ಲಿ ಬಿದ್ದಿದ್ದರು, ಅವರಿಗೆ ಪ್ರಶ್ನೆ ಕೇಳಿಸಲೂ ಇಲ್ಲ. ಆಡಿದವನು ಅಣ್ಣ. ಒಂದು ವೇಳೆ ಧರ್ಮರಾಯ ಆ ದಾರಿಯಲ್ಲಿ ಬರದಿದ್ದರೆ ಅವರು ಹಾಗೆಯೇ ಬಿದ್ದಿರುತ್ತಿದ್ದರು, ಆಗಲೂ ಭೀಮ ಭೀಮನೇ. ನಿಮ್ಮ ಮಗಳಿಗೆ ಆ ಜಪಾನಿ ಹುಡುಗ ಅರಿಸುವಿನ ಕಥೆ ಇಷ್ಟವಾಗಿದ್ದರೆ ಇದನ್ನೂ ಹೇಳಿ ನೋಡಿ. ನಾನು ಏಳನೆಯ ತರಗತಿಗೆ ಇದನ್ನು ಹೇಳುವಾಗ ನಕುಲನ ಹೆಸರು ಬಂದ ಕೂಡಲೇ ಒಂದು ಹುಡುಗನಾದರೂ "ಭೀಮನನ್ನು ಕೇಳಬೇಕಿತ್ತು ಸರ್" ಎಂದು ಎದ್ದು ನಿಲ್ಲುತ್ತಿದ್ದ. ಗಾಂಧಿ, ಅಂಬೇಡ್ಕರರು ಓಡಾಡಿದ ಈ ಮುಂಬಯಿಯಲ್ಲೂ ಮಕ್ಕಳಿಗೆ ಮೊದಲು ಬೇಕಾಗುವುದು ಗದೆಯೇ.

ಪ್ರತ್ಯುತ್ತರ: ಡೊಂಬಿವಲಿ ಪೂರ್ವ

ಎಲ್ಲರಿಗೂ ಕೃತಜ್ಞತೆಗಳು. ಉತ್ತರಿಸಲು ನಾಲ್ಕು ದಿನ ತಡವಾಯಿತು, ಏಕೆಂದರೆ ಇಲ್ಲಿ ಬಂದುದನ್ನೆಲ್ಲ ಮಗಳಿಗೆ ಓದಿ ಹೇಳುತ್ತಿದ್ದೆ. ಕೊಥರೂಡಿನ ಸರ್ ಹೇಳಿದ ಸೊನ್ನೆ, ಒಂದು, ನೂರರ ಆಟವನ್ನು ಇಬ್ಬರೂ ಶನಿವಾರ ರಾತ್ರಿ ಆಡಿದೆವು. ಅವಳು ಮೊದಲೇ "ನೂರು ಬರೆಯುತ್ತೇನೆ" ಎಂದು ಹೇಳಿ ಹಾಗೆಯೇ ಬರೆಯುತ್ತಿದ್ದಳು. ನಾನು ಒಂದನ್ನು ಬರೆದು ಗೆದ್ದೆ, ಮತ್ತೆ ಗೆದ್ದೆ, ಮೂರನೆಯ ಸಲ ಒಂದನ್ನು ಬರೆಯಲು ಕೈ ಬರಲಿಲ್ಲ. ಸೊನ್ನೆ ಬರೆದೆ. ಅವಳಿಗೆ ಆಟ ಅರ್ಥವಾಗಿದೆಯೆಂದು ಆಗ ತಿಳಿಯಿತು.

ಮಾಟುಂಗಾದ ಸರ್, ಇವಳು ಯಕ್ಷನ ಕಥೆಯನ್ನು ಎರಡು ಸಲ ಹೇಳಿಸಿಕೊಂಡಳು. "ಮಾಮನ ಆಸೆಯ ಪ್ರಶ್ನೆಯೇ ಅಲ್ಲ ಹಾಗಾದರೆ" ಎಂದಳು. ನನಗೆ ಹಗುರವಾಗಬೇಕಿತ್ತು. ಬದಲಿಗೆ ಇನ್ನೊಂದು ಭಾರ ಬಂದು ಕುಳಿತಿದೆ, ಅದನ್ನು ಮುಲುಂಡಿನ ತಂಗಿಯಲ್ಲಿಯೇ ಕೇಳಬೇಕು. ತಮ್ಮ ಬಿದ್ದಾಗ ಮನೆಯಲ್ಲಿದ್ದವಳು ನಾನು. ಮುಖಕ್ಕೆ ನೀರು ಹಾಕಿದೆ, ಅಂಗಾಲು ತಿಕ್ಕಿದೆ, ನೆರೆಯವರನ್ನು ಕೂಗಿದೆ. ಎದೆ ಒತ್ತಬೇಕೆಂದು ನನಗೆ ಗೊತ್ತಿರಲಿಲ್ಲ. ಆ ಆಟದಲ್ಲಿ ಆಡಬೇಕಾಗಿದ್ದವಳು ನಾನೇ ಅಲ್ಲವೇ?

ಪ್ರತ್ಯುತ್ತರ: ಮುಲುಂಡ್

ಅಕ್ಕಾ, ನೀವು ಹೀಗೆ ಕೇಳುವಿರೆಂದು ಮಾಟುಂಗಾದ ಸರ್ ಬರೆದುದನ್ನು ಓದಿದಾಗಲೇ ಅನಿಸಿತ್ತು. ನಿಯಮವನ್ನು ಯಾರೂ ಸಾರಿ ಹೇಳದ ಆಟದಲ್ಲಿ ನಿಮ್ಮನ್ನು ನಿಲ್ಲಿಸಿದ್ದರು. ಯಕ್ಷನಾದರೂ ಮೊದಲೇ ಹೇಳಿದ್ದ. ಇನ್ನೊಂದನ್ನು ನಂಬಿ. ಆಸ್ಪತ್ರೆಯೊಳಗೆ, ನಾವು ಪಕ್ಕದಲ್ಲೇ ನಿಂತಿರುವಾಗ, ಎಲ್ಲ ಸಲಕರಣೆಯೂ ಕೈಯಳತೆಯಲ್ಲಿರುವಾಗ ನಿಂತ ಹೃದಯಗಳಲ್ಲೂ ಹೆಚ್ಚಿನವರು ಮನೆಗೆ ಮರಳುವುದಿಲ್ಲ. ನಾನು ಒತ್ತಿದ ಎದೆಗಳನ್ನು ಎಣಿಸುವುದನ್ನು ಬಿಟ್ಟು ಬಹಳ ವರ್ಷಗಳಾದವು.

ಮಗಳು ಬುದ್ಧಿವಂತೆ, ಅವಳಿಗೆ ಇದನ್ನು ಕಲಿಸಿ. ಯಾರಾದರೂ ಕುಸಿದು, ಕರೆದರೂ ಓಗೊಡದೆ, ಉಸಿರಾಡದೆ ಅಥವಾ ಬಿಟ್ಟುಬಿಟ್ಟು ತೇಕುತ್ತಾ ಬಿದ್ದಿದ್ದರೆ ಒಬ್ಬರು 108ಕ್ಕೆ ಕರೆ ಮಾಡಬೇಕು, ಇನ್ನೊಬ್ಬರು ಅವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಬೇಕು. ಎದೆಯ ನಟ್ಟನಡುವೆ ಒಂದು ಅಂಗೈಯ ಬುಡವಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಮಡಿಸದೆ, ಐದರಿಂದ ಆರು ಸೆಂಟಿಮೀಟರ್ ತಗ್ಗುವಂತೆ ಒತ್ತಿ ಪೂರ್ತಿ ಬಿಡಬೇಕು. ನಿಮಿಷಕ್ಕೆ 100ರಿಂದ 120 ಸಲ. ನೀರು ಕುಡಿಸಬಾರದು. ದಣಿದರೆ ಇನ್ನೊಬ್ಬರಿಗೆ ಬಿಟ್ಟುಕೊಡಿ, ಒತ್ತುವುದನ್ನು ನಿಲ್ಲಿಸಬೇಡಿ. ಮನೆಯಲ್ಲಿ ಗಟ್ಟಿಯಾದ ಲೋಡು ದಿಂಬು ಇದ್ದರೆ ಅದರ ಮೇಲೆ ಎರಡು ನಿಮಿಷ ಒತ್ತಿ ನೋಡಲಿ. ಕೈಗಳಿಗೆ ಎಷ್ಟು ಬೇಗ ಸುಸ್ತಾಗುತ್ತದೆಂಬುದು ಗೊತ್ತಾಗುತ್ತದೆ. ಮುಂದಿನ ತಿಂಗಳು ನನಗೆ ಎರಡು ಭಾನುವಾರ ರಜೆಯಿದೆ. ಡೊಂಬಿವಲಿ ನನಗೆ ದೂರವೇನಲ್ಲ. ಲೋಡು ದಿಂಬು ನಿಮ್ಮದು, ಬರುವವಳು ನಾನು. ನಿಮ್ಮ ತಮ್ಮನ ಜೊತೆ ಲೋಕಲ್ಲಿನಲ್ಲಿ ರಮ್ಮಿ ಆಡುತ್ತಿದ್ದವರನ್ನೂ ಕರೆಯಲು ಸಾಧ್ಯವಾದರೆ ಕರೆಯಿರಿ. ದಿನಕ್ಕೆ ಎರಡು ಗಂಟೆ ಒಂದೇ ಡಬ್ಬಿಯಲ್ಲಿ ಕೂರುವವರು ಅವರು.